ಲೇಕ್ ವ್ಯೂಗೆ ದರ ಜಾಸ್ತಿ, ವಾಸನೆ ಫ್ರೀ

ಬೆಂಗಳೂರಿನ ವರ್ತೂರಿನ ಕಡೆ ಸೈಟ್ ನೋಡಲು ಹೋದಾಗ ಏಜೆಂಟ್ ಮೊದಲು ತೋರಿಸಿದ್ದು ಕೆರೆಯನ್ನು. "ಲೇಕ್ ವ್ಯೂ ಸಾರ್, ಅದಕ್ಕೇ ರೇಟ್ ಸ್ವಲ್ಪ ಜಾಸ್ತಿ" ಅಂದರು. ಅಷ್ಟರಲ್ಲಿ ಗಾಳಿ ನಮ್ಮ ಕಡೆ ತಿರುಗಿತು. ವಾಸನೆಯ ಬಗ್ಗೆ ಅವರು ಏನೂ ಹೇಳಲಿಲ್ಲ.

ಸೈಟಿನ ಹಿಂದೆ ಕಾಂಪೌಂಡಿಗೆ ಅಂಟಿಕೊಂಡೇ ಒಂದು ಕಾಲುವೆ ಇತ್ತು. "ಅದು ಸುಮ್ನೆ ಮಳೆ ನೀರಿನ ಮೋರಿ ಸಾರ್." ನಾನು ಮೊಬೈಲಿನಲ್ಲಿ ದಿಶಾಂಕ್ ತೆಗೆದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ಆ್ಯಪ್ ಅದು. ಹಳೇ ಗ್ರಾಮ ನಕ್ಷೆಯ ಕೆರೆ, ಹಳ್ಳಗಳೂ ಅದರಲ್ಲಿ ಕಾಣುತ್ತವೆ. ಇವರ ಮೋರಿ ಅಲ್ಲಿ ರಾಜಕಾಲುವೆ, ಅಂದರೆ ಕೆರೆಯಿಂದ ಕೆರೆಗೆ ನೀರು ಹರಿಯುವ ಕಾಲುವೆ!

ಬೆಂಗಳೂರಿನ 'ಮಾಸ್ಟರ್ ಪ್ಲಾನ್ 2015' ಪ್ರಕಾರ ದೊಡ್ಡ ರಾಜಕಾಲುವೆಗೆ 50 ಮೀಟರ್, ಅದಕ್ಕಿಂತ ಚಿಕ್ಕದಕ್ಕೆ 25, ತೀರಾ ಚಿಕ್ಕದಕ್ಕೆ 15 ಮೀಟರ್ ಜಾಗ ಏನೂ ಕಟ್ಟದೆ ಬಿಡಬೇಕಿತ್ತು. ಕೆರೆಗೆ 30. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯದ್ದನ್ನು 75 ಮೀಟರ್‌ಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾಗದದ ಅಳತೆ ಏನಾದರೂ ಆಗಲಿ, ನೀರು ಇಳಿಜಾರನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಿದ್ದು ನೆನಪಿದೆ ಅಲ್ವಾ?

ಮೊಬೈಲ್ ತೋರಿಸಿದೆ. "ಎಲ್ರೂ ಹಿಂಗೆ ಮ್ಯಾಪ್ ನೋಡ್ತಾ ಕೂತ್ರೆ ನಾವು ಮಾರೋದು ಹೆಂಗೆ ಸಾರ್?" ಅಂದರು. ಅವರ ಹೊಟ್ಟೆಪಾಡು ನನಗೂ ಅರ್ಥವಾಗುತ್ತದೆ. ಆದರೆ ಮನೆ, ಸೈಟ್ ಮಾರಾಟಕ್ಕೆ ಕಡಿವಾಣ ಹಾಕುವ ರೇರಾ ಕಾಯ್ದೆಯ 10ನೇ ಸೆಕ್ಷನ್ ಏಜೆಂಟರು ಸುಳ್ಳು ಹೇಳಿ ಮಾರಬಾರದು ಅನ್ನುತ್ತದೆ. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಕಾಗದ, ಮಾಹಿತಿ ಸಿಗುವಂತೆ ನೋಡಿಕೊಳ್ಳುವುದೂ ಅವರದೇ ಕೆಲಸ. ರಾಜಕಾಲುವೆಯನ್ನು ಮೋರಿ ಅನ್ನುವುದು ಯಾವ ಲೆಕ್ಕ?

ಮುಂದಿನ ವಾರ ಇನ್ನೊಬ್ಬ ಏಜೆಂಟ್ ಸರ್ಜಾಪುರ ರಸ್ತೆಯಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್ ತೋರಿಸಿದರು. ಲಿಫ್ಟ್ ಹತ್ತುವ ಮೊದಲೇ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿನ ನೀರಿನ ಗುರುತು ತೋರಿಸಿದರು. "ಬೇಸಿಗೇಲಿ ಬೋರ್ ಕೈಕೊಡುತ್ತೆ, ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ಗೆ ಸೇರುತ್ತೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ವಿಷಯ ನಂಗೆ ಅಷ್ಟು ತಿಳಿಯಲ್ಲ, ಅಸೋಸಿಯೇಷನ್‌ನವರ ಹತ್ರ ಕೂರಿಸ್ತೀನಿ, ನೀವೇ ಕೇಳಿ" ಅಂದರು. ಏಜೆಂಟ್ ಪರಿಸರ ತಜ್ಞರಾಗಬೇಕಿಲ್ಲ, ನನಗೆ ಬೇಕಿದ್ದದ್ದು ಇಷ್ಟೇ. ಆ ನೀರಿನ ಗುರುತು ಇಟ್ಟುಕೊಂಡೇ ನಾವು ಚೌಕಾಸಿಗೆ ಕೂತೆವು. ಅವರೂ ಮುಖ ಸಿಂಡರಿಸಲಿಲ್ಲ.

ಆ ಮನೆ ನಮ್ಮ ಬಜೆಟ್ಟಿಗೆ ಬರಲಿಲ್ಲ, ಬಿಟ್ಟೆವು. ಆಮೇಲೆ ತಂಗಿ ಮನೆ ಹುಡುಕುವಾಗ ನಾನು ಕೊಟ್ಟಿದ್ದು ಅವರ ನಂಬರನ್ನೇ.