ರಟ್ಟು ಕತ್ತರಿಸುತ್ತಿದ್ದ ನಮ್ಮ ಮೇಷ್ಟ್ರು

ಹೋದ ತಿಂಗಳು ನಮ್ಮ ಮೇಷ್ಟ್ರು ತೀರಿಕೊಂಡರು. ಅವರ ಬಗ್ಗೆ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂದಾಗ ಮೊದಲು ನೆನಪಾದದ್ದು ಗೋಂದಿನ ವಾಸನೆ. ಪಾಠ ಒಂದೂ ನೆನಪಿಲ್ಲ.

1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು, ಅಂದರೆ ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ. ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಬಂದ ಮೇಷ್ಟ್ರುಗಳೇ ಕೂತು ಕಲಿಕೆಯ ಕಾರ್ಡು ಬರೆದರು. ನಮ್ಮವರೂ ಆ ಗುಂಪಿನಲ್ಲಿದ್ದರು. ಸಂಜೆ ಅವರು ರಟ್ಟು ಕತ್ತರಿಸುವುದು, ಟೀಚರ್ ಅದರ ಮೇಲೆ ಮೊಲ, ಆನೆ ಬಿಡಿಸುವುದು, ನಾವು ಗೋಂದು ಹಿಡಿದು ನಿಲ್ಲುವುದು. ಬೆತ್ತ ಯಾವಾಗ ಕಾಣೆಯಾಯಿತೋ ಗೊತ್ತಾಗಲೇ ಇಲ್ಲ. ಮೇಷ್ಟ್ರು ನಮ್ಮ ಜೊತೆ ಚಾಪೆ ಮೇಲೆ ಕೂರುತ್ತಿದ್ದರು. ದಪ್ಪ ಆಳು, ಏಳುವಾಗ ಇಬ್ಬರು ಹುಡುಗರು ಕೈ ಕೊಡಬೇಕಿತ್ತು.

ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೋಣೆ. ಯಾವ ಕಾರ್ಡಿನ ನಂತರ ಯಾವುದು ಅಂತ ತೋರಿಸುವ ಕಲಿಕೆಯ ಏಣಿಯಲ್ಲಿ ಅವರವರ ಮೆಟ್ಟಿಲು ಅವರವರಿಗೆ. ಸುಗ್ಗಿ ಕೆಲಸಕ್ಕೆ ಹೋದ ಹುಡುಗ ವಾಪಸ್ ಬಂದರೆ, ನಿಲ್ಲಿಸಿದ್ದ ಕಾರ್ಡಿನಿಂದಲೇ ಮುಂದಕ್ಕೆ. ನಾನು ಮಾತ್ರ ಸರಸರ ಹತ್ತಿದೆ, ಅದನ್ನು ಹೇಳದೆ ಇರಲಾರೆ.

ಗೋಡೆ ಮೇಲೆ ಹವಾಮಾನ ನಕ್ಷೆ ಇತ್ತು. ದಿನಾ ಒಬ್ಬರು ಬಿಸಿಲೋ ಮೋಡವೋ ಗುರುತು ಹಾಕಬೇಕು. ಸಾಹೇಬರು ಬರುವ ದಿನ ನಾವು ನಾಲ್ಕು ಜನ ಸೇರಿ ಮಳೆ ಹಾಕಿಟ್ಟೆವು. ಹೊರಗೆ ಸುಡು ಬಿಸಿಲು. ಸಾಹೇಬರು ಹುಬ್ಬೇರಿಸಿದರು. ಮೇಷ್ಟ್ರು ತಣ್ಣಗೆ, 'ನಾಳೆಯದೂ ಹೇಳೋದು ಕಲಿತಿದ್ದಾರೆ ಸಾರ್' ಅಂದರು. ಮರುದಿನ ಒಂದು ಹನಿಯೂ ಬೀಳಲಿಲ್ಲ. ವಾರವಿಡೀ ನಮ್ಮ ನಾಲ್ವರಿಗೂ ಆಕಾಶ ನೋಡಿ ವರದಿ ಒಪ್ಪಿಸುವ ಕೆಲಸ ಬಿತ್ತು.

2009-10ರಲ್ಲಿ ನಲಿ-ಕಲಿ ಇಡೀ ರಾಜ್ಯಕ್ಕೆ ಹೋಯಿತು. ಸಂತೋಷವೇ. ಆದರೆ ತಾವು ಬರೆದ ಕಾರ್ಡು ಮಕ್ಕಳಿಗೆ ಹತ್ತದಿದ್ದರೆ ನಮ್ಮ ಮೇಷ್ಟ್ರು ಅದನ್ನು ಹರಿದು ಬೇರೆ ಬರೆಯುತ್ತಿದ್ದರು. ಮೇಲಿಂದ ಅಚ್ಚಾಗಿ ಬಂದದ್ದನ್ನು ಹರಿಯುವ ಧೈರ್ಯ ಯಾರಿಗಿದೆ? ಈಗಿನ ಮೇಷ್ಟ್ರುಗಳಿಗೆ ಮೊಟ್ಟೆ ಲೆಕ್ಕ, ಮತದಾರರ ಪಟ್ಟಿ, ಮೊಬೈಲಿನಲ್ಲಿ ಮಾಹಿತಿ ತುಂಬಿಸುವುದು. ರಟ್ಟು ಕತ್ತರಿಸಲು ಪುರುಸೊತ್ತೆಲ್ಲಿ? ಶಾಲೆ ಸುಧಾರಿಸಿ ಅಂತ ಅವರಿಗೇ ಸುತ್ತೋಲೆ ಕಳಿಸುತ್ತೇವೆ, ಅವರನ್ನು ಸುಮ್ನೆ ಒಂದು ಮಾತು ಕೇಳುವುದಿಲ್ಲ.

ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆ ದೊಡ್ಡ ಟಿವಿ ಕೊಡೋಣ ಅನ್ನುತ್ತಿದ್ದಾರೆ. ಅದರ ಬದಲು ಮೇಷ್ಟ್ರುಗಳ ಈ ಲೆಕ್ಕ, ಮಾಹಿತಿಯ ಬರವಣಿಗೆ ಕೆಲಸಕ್ಕೆ ಒಬ್ಬರನ್ನು ಇಟ್ಟು ನಾವೇ ಸಂಬಳ ಕೊಡೋಣ ಅಂತ ನನ್ನ ವಾದ. ಚರ್ಚೆ ಇನ್ನೂ ಮುಗಿದಿಲ್ಲ. ಮೊದಲ ಕಂತು ನಾನೇ ಹಾಕುತ್ತೇನೆ ಅಂದಿದ್ದೇನೆ, ಸಂಪಾದಕರು ಅದನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ಬೇಜಾರಿಲ್ಲ.