ಬೇಟೆಗಾರ ಎಲ್ಲಿ, ಮಾಮ?

ಎಡಿನ್‌ಬರೊದಲ್ಲಿ ಅವತ್ತು ಜಿಟಿಜಿಟಿ ಮಳೆ. ಕೋಟೆ ಹತ್ತುವ ಯೋಚನೆ ಬಿಟ್ಟು, ಅದರ ಕೆಳಗೇ ಇರುವ ನ್ಯಾಷನಲ್ ಗ್ಯಾಲರಿಗೆ ನುಗ್ಗಿದೆವು. ಟಿಕೆಟ್ ಗಿಕೆಟ್ ಏನಿಲ್ಲ, ಸುಮ್ನೆ ಒಳಗೆ ಹೋಗಬಹುದು. ಜೊತೆಗಿದ್ದವನು ಅಲ್ಲೇ ಓದುತ್ತಿರುವ ಅಕ್ಕನ ಮಗ. ಬ್ರಿಟಿಷರ ಬೇಟೆ ಚಿತ್ರ ತೋರಿಸ್ತೀನಿ ಬಾ ಅಂತ ನಾನೇ ಎಳೆದುಕೊಂಡು ಹೋಗಿದ್ದೆ.

ಮೊದಲು ಕಂಡಿದ್ದು ಬೆಂಜಮಿನ್ ವೆಸ್ಟ್ 1786ರಲ್ಲಿ ಬರೆದ ದೊಡ್ಡ ಚಿತ್ರ. ಸುಮಾರು 12 ಅಡಿ ಎತ್ತರ, 17 ಅಡಿ ಅಗಲ. ನೆಲಕ್ಕೆ ಬಿದ್ದ ಸ್ಕಾಟ್ಲೆಂಡಿನ ರಾಜ ಮೂರನೇ ಅಲೆಕ್ಸಾಂಡರ್, ಮೇಲೆರಗುವ ಜಿಂಕೆ, ಈಟಿ ಹಿಡಿದವನು, ಕುದುರೆ, ನಾಯಿ. "ಒಳ್ಳೆ ಜಾತ್ರೆ ಇದ್ದಂಗಿದೆ" ಅಂದ ಹುಡುಗ.

ಆಮೇಲೆ ಎಡ್ವಿನ್ ಲ್ಯಾಂಡ್‌ಸೀರ್‌ನ 'ಮೊನಾರ್ಕ್ ಆಫ್ ದಿ ಗ್ಲೆನ್', ಅಂದರೆ ಕಣಿವೆಯ ದೊರೆ, 1851ರದ್ದು. ಒಂದೇ ಒಂದು ಗಂಡು ಕೆಂಪು ಜಿಂಕೆ. ಹಿಂದೆ ಮಂಜು ಮುಸುಕಿದ ಬೆಟ್ಟ. ಹತ್ತಿರ ಹೋದರೆ ಮೂಗಿನ ಒದ್ದೆ ಹೊಳೆಯುತ್ತದೆ. ಕೊಂಬಿನ ಕವಲು ಎಣಿಸಿದೆ, 12. ಅಷ್ಟಿದ್ದರೆ ಬೇಟೆಗಾರರ ಮಾತಲ್ಲಿ ಅದು 'ರಾಯಲ್'. ಮೊನಾರ್ಕ್ ಅನ್ನಿಸಿಕೊಳ್ಳೋಕೆ 16 ಬೇಕಂತೆ!

"ಬೇಟೆ ಚಿತ್ರ ಅಂದಿದ್ರಿ. ಬೇಟೆಗಾರ ಎಲ್ಲಿ, ಮಾಮ?"

"ನೀನು ನಿಂತಿದ್ದೀಯಲ್ಲ, ಅಲ್ಲೇ."

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ ಹೈಲ್ಯಾಂಡ್ಸ್‌ನಲ್ಲಿ ಜಿಂಕೆ ಬೇಟೆ ಅಂದರೆ ಗಾಳಿ ನೋಡಿಕೊಂಡು, ಹೊಟ್ಟೆ ಮೇಲೆ ತೆವಳುತ್ತಾ ಹತ್ತಿರವಾಗುವುದು. ಕೆಳಗಿನಿಂದ ತಲೆ ಎತ್ತಿದಾಗ ಕಾಣುವ ನೋಟವೇ ಇದು. ಹುಡುಗ ಎರಡು ಹೆಜ್ಜೆ ಹಿಂದೆ ಸರಿದ.

ಈ ಚಿತ್ರದ ಪಾಡೂ ತಮಾಷೆಯದು. ಬರೆದದ್ದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮೇಲ್ಮನೆಯವರು ತಿಂಡಿ ತಿನ್ನುವ ಕೋಣೆಗೆ. ಕೆಳಮನೆ 150 ಪೌಂಡ್ ಕೊಡಲು ಒಪ್ಪಲಿಲ್ಲ. ಆಮೇಲೆ ಜಿಂಕೆ ಸೋಪು, ವಿಸ್ಕಿ ಜಾಹೀರಾತುಗಳಲ್ಲೆಲ್ಲ ಓಡಾಡಿತು. 2017ರಲ್ಲಿ ಗ್ಯಾಲರಿ ಅದನ್ನು ಕೊಂಡಿದ್ದು 40 ಲಕ್ಷ ಪೌಂಡಿಗೆ.

ನನ್ನನ್ನು ಜಾಸ್ತಿ ಕಾಡಿದ್ದು ಆ ಬೆಟ್ಟ. ಒಂದು ಮನೆ ಇಲ್ಲ, ಹೊಗೆ ಇಲ್ಲ. ಚಿತ್ರಕಾರ ಬಿಟ್ಟಿದ್ದಲ್ಲ ಅದು. 18ನೇ ಶತಮಾನದ ಕೊನೆಯಿಂದ ಜಮೀನುದಾರರು ಅಲ್ಲಿನ ರೈತರನ್ನು ಒಕ್ಕಲೆಬ್ಬಿಸುತ್ತಾ ಬಂದರು. ಮೊದಲು ಕುರಿಗಾಗಿ, ಆಮೇಲೆ ಶ್ರೀಮಂತರ ಬೇಟೆಗಾಗಿ. ಎಷ್ಟೋ ಜನ ಕೆನಡಾದ ಹಡಗು ಹತ್ತಿದರು. ವಿಕ್ಟೋರಿಯಾ ರಾಣಿಗೆ ಹೈಲ್ಯಾಂಡ್ಸ್ ಹುಚ್ಚು ಹಿಡಿದಿದ್ದೂ, ಲ್ಯಾಂಡ್‌ಸೀರ್ ಅವಳ ಮೆಚ್ಚಿನ ಚಿತ್ರಕಾರನಾಗಿದ್ದೂ ಅದೇ ಕಾಲದಲ್ಲಿ.

ಮರುದಿನ ಇನ್ವರ್ನೆಸ್ ರೈಲು ಹತ್ತಿದೆವು. ಪರ್ತ್ ದಾಟಿ ಮೇಲೇರುತ್ತಿದ್ದಂತೆ ಮರಗಳು ಕಮ್ಮಿಯಾಗಿ ಬರೀ ಬೋಳು ಗುಡ್ಡ. ಇಂಥ ಬೇಟೆ ಜಾಗಕ್ಕೆ ಅಲ್ಲಿಯವರು 'ಡಿಯರ್ ಫಾರೆಸ್ಟ್' ಅಂತಾರೆ. ಫಾರೆಸ್ಟಂತೆ! ಹುಡುಕಿದರೂ ಒಂದು ಮರ ಸಿಗಲ್ಲ. ಡಾಲ್‌ವಿನ್ನಿ ಹತ್ತಿರ ಗುಡ್ಡದಂಚಿನಲ್ಲಿ ಏಳೆಂಟು ಜಿಂಕೆ ಕಂಡವು. ಕೊಂಬಿರಲಿಲ್ಲ, ಹೆಣ್ಣುಗಳಿರಬೇಕು. ಹುಡುಗ ಫೋನ್ ತೆಗೆಯುವಷ್ಟರಲ್ಲಿ ಹಿಂದೆ ಉಳಿದುಬಿಟ್ಟವು.