ನಿಕ್ ಫೋಲ್ಸ್ ದೊಡ್ಡವನಾ, ಅರ್ಲ್ ಮೊರಲ್ ದೊಡ್ಡವನಾ?

ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಆಟ ನಡೆಸುವವನು; ಅವನಿಗೆ ಗಾಯವಾದರೆ ಆಡಲು ಕಾಯುವವನು ಬ್ಯಾಕಪ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ ಕಂಡ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ನನಗೆ ಎಲ್ಲರಿಗಿಂತ ಮೇಲೆ ಕಾಣುವುದು ಅರ್ಲ್ ಮೊರಲ್. ನಿಕ್ ಫೋಲ್ಸ್ ಅಲ್ಲ. ಕುಕ್ಕರಹಳ್ಳಿ ಕೆರೆ ಹತ್ತಿರ ವಾಕಿಂಗ್ ಮಾಡುವಾಗ ಇದನ್ನು ಹೇಳಿದ್ದಕ್ಕೆ ಗೆಳೆಯ ದಾರಿಯಲ್ಲೇ ನಿಂತುಬಿಟ್ಟ. "ಏನ್ ಗುರು, ಸೂಪರ್ ಬೌಲ್ ಗೆಲ್ಲಿಸಿ ಎಂವಿಪಿ ಆದವನನ್ನ ಬಿಟ್ಟು ಯಾವುದೋ ಹಳೇ ಕಾಲದವನನ್ನ ಹಿಡ್ಕೊಂಡಿದೀಯ!" ಅಂದ. ಸೂಪರ್ ಬೌಲ್ ಅಂದರೆ ಲೀಗ್‌ನ ಫೈನಲ್, ಎಂವಿಪಿ ಅಂದರೆ ಅತ್ಯುತ್ತಮ ಆಟಗಾರ. ಮೈಸೂರಿನಲ್ಲಿ ಭಾನುವಾರ ರಾತ್ರಿ 10.30ಕ್ಕೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡುವವರು ಸಿಗುವುದೇ ಕಷ್ಟ. ಹಾಗಾಗಿ ಅವನ ಜೊತೆ ಜಗಳ ಆಡೋದು ನನಗೆ ಖುಷಿ. ಆದರೆ ಈ ವಿಷಯ ಸುಮ್ನೆ ಬಿಡುವಂಥದ್ದಲ್ಲ.

ಮೊದಲು ಒಂದು ಗೆರೆ ಹಾಕಿಕೊಳ್ಳುತ್ತೇನೆ. ಟಾಮ್ ಬ್ರೇಡಿ, ಕರ್ಟ್ ವಾರ್ನರ್ ಇಬ್ಬರೂ ಬೇರೆಯವರಿಗೆ ಗಾಯ ಆದಾಗಲೇ ಒಳಗೆ ಬಂದವರು. ಒಬ್ಬ 2001ರಲ್ಲಿ, ಇನ್ನೊಬ್ಬ 1999ರಲ್ಲಿ. ಇಬ್ಬರೂ ಆ ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದರು. ಆದರೆ ಅವರನ್ನು ಬ್ಯಾಕಪ್ ಅನ್ನುವುದು ಸರಿಯಲ್ಲ. ಅವಕಾಶ ಸಿಕ್ಕಿರಲಿಲ್ಲ, ಸಿಕ್ಕಿತು, ಜಾಗ ತಮ್ಮದಾಯಿತು, ಅಷ್ಟೇ. ನಾನು ಹೇಳುತ್ತಿರುವುದು ಬಂದು, ಆಡಿ, ಮತ್ತೆ ಹೋಗಿ ಬೆಂಚ್ ಮೇಲೆ ಕೂತವರ ಬಗ್ಗೆ.

ಆ ಕೆಲಸ ಎಷ್ಟು ಕಷ್ಟ ಅಂತ ನಮ್ಮ ಊರಿನವರಿಗೆ ದಸರಾ ಆನೆಗಳನ್ನು ತೋರಿಸಿ ಹೇಳಬಹುದು. ಚಿನ್ನದ ಅಂಬಾರಿ ಸುಮಾರು 750 ಕೆಜಿ. ಅದನ್ನು ಹೊರುವುದು ಒಂದೇ ಆನೆ. ಆದರೂ ತಾಲೀಮಿನಲ್ಲಿ ಬೇರೆ ಆನೆಗಳ ಮೇಲೂ ಮರಳು ಮೂಟೆ ಹೇರಿ ಅರಮನೆಯಿಂದ ಬನ್ನಿಮಂಟಪದ ಕಡೆಗೆ ನಡೆಸುತ್ತಾರೆ. ಅಂದರೆ ಎರಡನೇ ಆನೆಗೂ ಭಾರದ ಅಭ್ಯಾಸ ಇರುತ್ತದೆ. ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ಗೆ ಅದೂ ಇಲ್ಲ! ಸೀಸನ್ ಶುರುವಾದ ಮೇಲೆ ವಾರದ ಪ್ರಾಕ್ಟೀಸ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಎಸೆತಗಳೂ ಮುಖ್ಯ ಆಟಗಾರನಿಗೇ ಹೋಗುತ್ತವೆ. ಬ್ಯಾಕಪ್ ಮಾಡುವುದು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಹೇಗೆ ಆಡುತ್ತಾನೋ ಹಾಗೆ ಆಡಿ ತನ್ನದೇ ತಂಡದ ಡಿಫೆನ್ಸ್‌ಗೆ ಅಭ್ಯಾಸ ಕೊಡುವ ಕೆಲಸ. ಚೆಂಡು ಹಿಡಿಯುವ ತನ್ನ ರಿಸೀವರ್‌ಗಳ ಓಟದ ವೇಗ ಕೈಗೆ ಕೂತಿರುವುದಿಲ್ಲ. ಹೀಗಿದ್ದವನು ಒಂದು ದಿನ ದಿಢೀರನೆ ಹೆಲ್ಮೆಟ್ ಹಾಕಿಕೊಂಡು ಹೋಗಬೇಕು.

ಅದಕ್ಕೇ ನನಗನಿಸುವುದು, ಬ್ಯಾಕಪ್‌ನನ್ನು ಒಬ್ಬನನ್ನೇ ನಿಲ್ಲಿಸಿ ಅಳೆಯಲು ಆಗುವುದಿಲ್ಲ. ಅವನನ್ನು ಅರ್ಥ ಮಾಡಿಕೊಂಡ ಕೋಚ್ ಯಾರು ಅಂತಲೂ ನೋಡಬೇಕು.

ಫೋಲ್ಸ್ ಕಥೆ ನೋಡಿ. 2017ರ ಡಿಸೆಂಬರ್‌ನಲ್ಲಿ ಈಗಲ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮಂಡಿಗೆ ಪೆಟ್ಟಾಯಿತು. ಫೋಲ್ಸ್ ಬಂದ. ಲೀಗ್ ಹಂತದ ಕೊನೆಯಲ್ಲಿ ಅವನ ಆಟ ಏನೂ ಚೆನ್ನಾಗಿರಲಿಲ್ಲ, ಕೊನೇ ಪಂದ್ಯದಲ್ಲಿ ಡಲ್ಲಾಸ್ ಎದುರು ತಂಡ 6-0 ಸೋತಿತು. ಅದೇ ಮನುಷ್ಯ ಮುಂದೆ ಮಿನೆಸೋಟ ವೈಕಿಂಗ್ಸ್ ಅನ್ನು 38-7ರಿಂದ ಹೊಡೆದ. ಸೂಪರ್ ಬೌಲ್‌ನಲ್ಲಿ ಬ್ರೇಡಿ ಎದುರು 373 ಯಾರ್ಡ್ ಎಸೆದು 41-33ರಿಂದ ಗೆದ್ದ, ಜೊತೆಗೆ ತಾನೇ ಒಂದು ಟಚ್‌ಡೌನ್ (ಅಂಕ ತರುವ) ಕ್ಯಾಚ್ ಹಿಡಿದ. ಮಧ್ಯೆ ಏನಾಯಿತು? ಕೋಚ್‌ಗಳು ವೆಂಟ್ಜ್‌ಗೆ ಹೊಂದುವ ಆಟವನ್ನು ಬದಿಗಿಟ್ಟು ಫೋಲ್ಸ್‌ಗೆ ಒಗ್ಗುವ ಆಟ ತಂದರು. ಆ ಕೋಚ್‌ಗಳು ಯಾರು ಅನ್ನುವುದೇ ನನಗೆ ಇಷ್ಟವಾದ ಭಾಗ. ಹೆಡ್ ಕೋಚ್ ಡಗ್ ಪೀಡರ್ಸನ್, ಬ್ರೆಟ್ ಫಾರ್ವ್‌ಗೆ ವರ್ಷಗಟ್ಟಲೆ ಬ್ಯಾಕಪ್ ಆಗಿದ್ದವನು. ಆಫೆನ್ಸ್, ಅಂದರೆ ದಾಳಿ ಆಟ, ನೋಡಿಕೊಳ್ಳುತ್ತಿದ್ದವನು ಫ್ರಾಂಕ್ ರೈಕ್, ಬಫಲೋ ಬಿಲ್ಸ್‌ನಲ್ಲಿ ಜಿಮ್ ಕೆಲ್ಲಿಗೆ ಬ್ಯಾಕಪ್. ಬೆಂಚ್ ಮೇಲೆ ಕೂರುವುದು ಏನು ಅಂತ ಇಬ್ಬರಿಗೂ ಗೊತ್ತಿತ್ತು.

ರೈಕ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1993ರ ಜನವರಿ 3ರಂದು ಹ್ಯೂಸ್ಟನ್ ಆಯಿಲರ್ಸ್ ವಿರುದ್ಧದ ಪ್ಲೇಆಫ್, ಅಂದರೆ ನಾಕೌಟ್ ಪಂದ್ಯ. ಕೆಲ್ಲಿಗೆ ಗಾಯ, ಆಡಿದವನು ರೈಕ್. ದ್ವಿತೀಯಾರ್ಧದ ಶುರುವಿನಲ್ಲಿ ಬಿಲ್ಸ್ 35-3 ಹಿಂದಿತ್ತು. ಜನ ಎದ್ದು ಮನೆಗೆ ಹೊರಟಿದ್ದರು. ಅಲ್ಲಿಂದ ಓವರ್‌ಟೈಮ್‌ಗೆ ಹೋಗಿ 41-38ರಿಂದ ಗೆದ್ದರು. ಇದು ಅದೃಷ್ಟ ಅನ್ನುವವರಿಗೆ ನನ್ನ ಉತ್ತರ 1984. ಕಾಲೇಜಿನಲ್ಲಿದ್ದಾಗ ಮೇರಿಲ್ಯಾಂಡ್ ಪರ ಇದೇ ರೈಕ್ ಬೆಂಚ್‌ನಿಂದ ಬಂದು 31-0 ಹಿಂದಿದ್ದ ಪಂದ್ಯವನ್ನು ಮಯಾಮಿ ಎದುರು 42-40ರಿಂದ ಗೆಲ್ಲಿಸಿದ್ದ.

ಈಗ ಮೊರಲ್. 1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನ ಜಾನಿ ಯುನೈಟಸ್ ಮೊಣಕೈ ಕೆಟ್ಟಿತು. ಮೊರಲ್ ಬಂದು 13-1 (13 ಗೆಲುವು, 1 ಸೋಲು) ಸೀಸನ್ ಆಡಿಸಿ ಲೀಗ್‌ನ ಎಂವಿಪಿ ಆದ. ಸೂಪರ್ ಬೌಲ್‌ನಲ್ಲಿ ಮಾತ್ರ ಮೂರು ಇಂಟರ್‌ಸೆಪ್ಷನ್ ಕೊಟ್ಟು, ಅಂದರೆ ಎಸೆದ ಚೆಂಡು ಎದುರಾಳಿ ಕೈಗೆ ಸೇರಿಸಿ, ಜೆಟ್ಸ್ ಎದುರು 16-7 ಸೋತ. ನನ್ನ ಗೆಳೆಯ ಹಿಡಿಯುವುದು ಇದೊಂದನ್ನೇ. ಸರಿ, ಅದು ಕೆಟ್ಟ ಆಟವೇ. ಆದರೆ ಎರಡು ವರ್ಷದ ನಂತರದ ಸೂಪರ್ ಬೌಲ್‌ನಲ್ಲಿ ಯುನೈಟಸ್ ಮಧ್ಯದಲ್ಲೇ ಗಾಯಗೊಂಡಾಗ ಒಳಗೆ ಬಂದು 16-13ರ ಗೆಲುವಿನ ತನಕ ಆಡಿಸಿದ್ದು ಇವನೇ. ಆಮೇಲೆ 1972. ಕೋಲ್ಟ್ಸ್‌ನಲ್ಲಿ ಅವನನ್ನು ಬಲ್ಲ ಡಾನ್ ಶೂಲಾ ಆಗ ಮಯಾಮಿ ಡಾಲ್ಫಿನ್ಸ್ ಕೋಚ್. ಬೇರೆ ಯಾರಿಗೂ ಬೇಡವಾದ 38 ವರ್ಷದ ಮೊರಲ್‌ನನ್ನು 100 ಡಾಲರ್ ಶುಲ್ಕ ಕಟ್ಟಿ ಕರೆಸಿಕೊಂಡ. ಐದನೇ ಪಂದ್ಯದಲ್ಲಿ ಬಾಬ್ ಗ್ರೀಸಿ ಕಾಲು ಮುರಿಯಿತು. ಡಾಲ್ಫಿನ್ಸ್ 17-0 ಅಂತ ಮುಗಿಸಿದ ಆ ಸೀಸನ್‌ನಲ್ಲಿ 11 ಪಂದ್ಯಗಳನ್ನು ಶುರು ಮಾಡಿದವನು ಮೊರಲ್. ಸೆಮಿಫೈನಲ್‌ನಂಥ ಪಂದ್ಯದ ಮಧ್ಯೆ ಗ್ರೀಸಿ ವಾಪಸ್ ಬಂದ, ಸೂಪರ್ ಬೌಲ್ ಆಡಿದವನೂ ಅವನೇ. ಒಂದೂ ಸೋಲದವನು ಜಾಗ ಬಿಟ್ಟುಕೊಟ್ಟ. ಫೋಲ್ಸ್‌ನ ಎರಡು ಪಂದ್ಯ ಮೊರಲ್‌ನ ಯಾವ ಪಂದ್ಯಕ್ಕಿಂತಲೂ ಮೇಲಿರಬಹುದು, ಆದರೆ ಎರಡು ತಂಡ, ಮೂರು ಸೀಸನ್, ಮೂರು ಸಲ ಕರೆದಾಗಲೂ ಸಿದ್ಧನಾಗಿದ್ದವನು ಇನ್ನೊಬ್ಬ ನನಗೆ ಕಾಣುತ್ತಿಲ್ಲ.

ಗೆಲುವಿನ ಲೆಕ್ಕ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. 2019ರಲ್ಲಿ ಟೆಡ್ಡಿ ಬ್ರಿಡ್ಜ್‌ವಾಟರ್ ಸೇಂಟ್ಸ್ ಪರ ಶುರು ಮಾಡಿದ 5 ಪಂದ್ಯಗಳನ್ನೂ ಗೆದ್ದ. ಅದರಲ್ಲಿ ಒಂದು 12-10, ಇನ್ನೊಂದು 13-6. ಅವು ಡಿಫೆನ್ಸ್ ಗೆದ್ದುಕೊಟ್ಟ ಪಂದ್ಯಗಳು, ಅವನ ಗುಣ ಚೆಂಡು ಕಳೆದುಕೊಳ್ಳದೇ ಇದ್ದದ್ದು. 2008ರಲ್ಲಿ ಮ್ಯಾಟ್ ಕ್ಯಾಸಲ್ ಇದ್ದ ಪೇಟ್ರಿಯಟ್ಸ್ 11-5 ಆದರೂ ಪ್ಲೇಆಫ್‌ಗೆ ಹೋಗಲಿಲ್ಲ. ಕಾಲೇಜಿನಲ್ಲೂ ಕ್ವಾರ್ಟರ್‌ಬ್ಯಾಕ್ ಆಗಿ ಒಂದು ಪಂದ್ಯವನ್ನೂ ಶುರು ಮಾಡದೇ ಬಂದ ಹುಡುಗ ಅವನು! ನಾನು ಕ್ಯಾಸಲ್‌ಗೆ ಜಾಸ್ತಿ ಅಂಕ ಕೊಡುತ್ತೇನೆ.

ಬ್ಯಾಕಪ್ ಬಗ್ಗೆ ಇಷ್ಟೊಂದು ಯಾಕೆ ಅಂತ ಕೇಳುವವರು 2023ರ ಜನವರಿಯ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಪಂದ್ಯ ನೋಡಿ. ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಮೊಣಕೈ ಹೋಯಿತು, ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟಾಯಿತು. ಎಸೆಯಲು ಆಗದ ಪರ್ಡಿಯೇ ಮತ್ತೆ ಬರಬೇಕಾಯಿತು. ಈಗಲ್ಸ್ ಎದುರು 31-7 ಸೋತರು. ಅದೇ ವರ್ಷ ಲೀಗ್ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳುವ ನಿಯಮ ವಾಪಸ್ ತಂದಿತು.